ಲೆಕ್ಕದಲ್ಲಿ ಸೋತ ಸೆಂಟರ್

“ಇಪ್ಪತ್ತೆರಡು ಪಾಯಿಂಟು ದೊಡ್ಡದೋ ಸಣ್ಣದೋ ಅಂತ ಇನ್ನಾ ಹೇಳ್ಲಾಕ ಬರೂದಿಲ್ರಿ.”

ಶೇವಂತಾ ಈ ಮಾತನ್ನು ಪಕ್ಕದವಳ ಕಿವಿಗಷ್ಟೇ ಹೇಳಿದ್ದಳು. ಆದರೆ ಬೀದರಿನ ಕ್ರೀಡಾಂಗಣದಲ್ಲಿ ಅದೇ ಗಳಿಗೆಗೆ ಚಪ್ಪಾಳೆ ನಿಂತಿತ್ತು. ವೇದಿಕೆಯ ಮೇಲೆ ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದ ಮಾಣಿಕ ತಟ್ಟನೆ ಅವಳತ್ತ ತಿರುಗಿದ.

ಆರೂವರೆ ಅಡಿಗೂ ಎತ್ತರದ ಆಳು. ಭಾಲ್ಕಿ ತಾಲ್ಲೂಕಿನ ಹಲಬರ್ಗಾದವನು. ಪುಣೆಯ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಕ್ಕೆ ಸೆಂಟರ್ ಆಗಿ, ಎಂದರೆ ಬುಟ್ಟಿಯ ಕೆಳಗೆ ನಿಂತು ಆಡುವವನಾಗಿ, ಒಂದು ಹಂಗಾಮು ಮುಗಿಸಿ ಬಂದಿದ್ದ. ಪಂದ್ಯಕ್ಕೆ ಸರಾಸರಿ ಇಪ್ಪತ್ತೆರಡು ಪಾಯಿಂಟು. ಊರೆಲ್ಲ ಅದನ್ನೇ ಹೇಳಿ ಹೆಮ್ಮೆಪಡುತ್ತಿತ್ತು.

ಸನ್ಮಾನ ಮುಗಿದ ಮೇಲೆ ಅವನು ನೇರ ಅವಳ ಮುಂದೆ ಬಂದು ನಿಂತ. ಅವಳು ಕತ್ತೆತ್ತಿ ನೋಡಬೇಕಾಯಿತು. ಅವನ ಕಣ್ಣಲ್ಲಿ ಸಿಟ್ಟಿತ್ತು, ಸಿಟ್ಟಿನ ಹಿಂದೆ ಸಣ್ಣ ಹುಡುಗನ ನೋವೂ ಇತ್ತು.

“ಏನಂದ್ರಿ ನೀವು?”

ಶೇವಂತಾ ಔರಾದ ತಾಲ್ಲೂಕಿನ ಚಿಂತಾಕಿಯವಳು. ಬಸ್ ಕಂಡಕ್ಟರ್ ಕಾಶೀರಾಮನ ಮಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೀದರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಹೈದರಾಬಾದಿನ ತಂಡದ ಕೋಚ್ ಶಿವರಾಜಪ್ಪ ಬೀದರಿನವರೇ ಆದ್ದರಿಂದ ಅವರಿಗೆ ಬಿಡುವಿನಲ್ಲಿ ಅಂಕಿಅಂಶ ತೆಗೆದುಕೊಡುತ್ತಿದ್ದಳು. ಆಟ ಆಡಿದವಳಲ್ಲ, ನೋಡಿ ನೋಡಿ ಕಲಿತವಳು.

ಹೆದರಿಕೆಯಾದರೂ ಅವಳು ಮಾತು ನುಂಗಲಿಲ್ಲ. “ನಿಮ್ಮ ತಂಡ ಓಡ್ಕೋತ ಆಡ್ತದರಿ. ಒಂದು ಪಂದ್ಯದಾಗ ಚೆಂಡು ಭಾಳ ಸಲ ನಿಮ್ಮ ತಂಡದ ಕೈಗೆ ಬರ್ತದ. ನಿಧಾನ ಆಡೋ ತಂಡಕ್ಕ ಅಷ್ಟು ಸಲ ಬರೂದಿಲ್ಲ. ಹೆಚ್ಚು ಸಲ ಸಿಕ್ಕವ್ರು ಹೆಚ್ಚು ಹಾಕ್ತಾರ. ಇಬ್ಬರನ್ನ ಹೋಲಿಸಬೇಕಂದ್ರ ಇಬ್ಬರ ತಂಡಕ್ಕೂ ನೂರು ಸಲ ಚೆಂಡು ಸಿಕ್ಕಿತ್ತು ಅಂತ ಹಿಡಿದು ನೋಡಬೇಕು.”

ಮಾಣಿಕ ಕೊರಳಿನ ಹಾರವೊಂದನ್ನು ತೆಗೆದು ಅವಳ ಕುರ್ಚಿಯ ಮೇಲಿಟ್ಟು, ತನಗೆ ಇದುವರೆಗೂ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲವೆಂದು ಹೇಳಿ ಹೊರಟುಹೋದ.

*ಸಿಟ್ಟಾಗಿ ಹೋದನೋ, ಮೆಚ್ಚಿ ಹೋದನೋ...* ಅಂದು ಮನೆ ಮುಟ್ಟುವವರೆಗೂ ಅವಳಿಗೆ ಅದೇ ಯೋಚನೆ.

ಮೆಚ್ಚಿಯೇ ಹೋಗಿದ್ದ.

ಮರುವಾರದಿಂದ ಅವನು ಅಭ್ಯಾಸಕ್ಕೆ ಬೀದರಿಗೇ ಬರತೊಡಗಿದ. ಅವಳು ಕಾಲೇಜು ಮುಗಿಸಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಹೈದರಾಬಾದ್ ತಂಡದ ಸೆಂಟರ್ ನಿಜಾಮೋದ್ದೀನನೂ ಬೀದರಿನವನೇ. ಇಬ್ಬರೂ ಎದುರುಬದುರು ನಿಂತು ಬೆವರು ಕಿತ್ತುಬರುವಂತೆ ಆಡಿ, ಆಮೇಲೆ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದರು.

ಒಂದು ಭಾನುವಾರ ಮಾಣಿಕ ಅವಳನ್ನು ಹಲಬರ್ಗಾಕ್ಕೆ ಕರೆದೊಯ್ದ. ಅವನ ತಾಯಿ ಶಾಲುಬಾಯಿ ಅವಳ ಭುಜಕ್ಕೂ ಬರದಷ್ಟು ಗಿಡ್ಡ ಹೆಂಗಸು. ಬಿಸಿ ರೊಟ್ಟಿ ತಟ್ಟಿಕೊಡುತ್ತ, ಈ ಉದ್ದನೆಯವನನ್ನು ಹೆತ್ತವಳು ತಾನೇ ಎಂದರೆ ಪುಣೆಯಲ್ಲಿ ಯಾರೂ ನಂಬುವುದಿಲ್ಲವೆಂದು ಹೇಳಿ ಬಾಯ್ತುಂಬ ನಕ್ಕಳು. ಶೇವಂತಾಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಅಂದು ಊಟಕ್ಕೆ ಕುಳಿತಲ್ಲಿ ಅವಳು ತುತ್ತು ಕೈಯಲ್ಲೇ ಹಿಡಿದು ಶಾಲುಬಾಯಿಯನ್ನೇ ನೋಡಿದಳು. ಶಾಲುಬಾಯಿ ಇನ್ನೊಂದು ರೊಟ್ಟಿ ಹಾಕಿ, ತಲೆಯ ಮೇಲೆ ಕೈಯಾಡಿಸಿದಳು.

ಹಿಂತಿರುಗುವಾಗ ಮಾಣಿಕ ಕೇಳಿದ್ದು ಒಂದೇ ಮಾತು.

“ಈ ಮನಿ ನಿಂಗ ಸಾಕಾಗ್ತದೇನು?”

ಬಸ್ಸು ಬರುವವರೆಗೂ ಅವಳು ಅವನ ಕೈ ಬಿಡಲಿಲ್ಲ.

ಆ ವರ್ಷ ಮಳೆ ಮತ್ತೆ ಕೈಕೊಟ್ಟಿತು. ಗಡಿಯಾಚೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದ ವರ್ಷ ಅದು. ಹಲಬರ್ಗಾದ ಬಾವಿಗಳಲ್ಲಿ ತಳದ ಕಲ್ಲು ಕಂಡಿತು. ಅರ್ಧ ಓಣಿಯೇ ಮನೆಗೆ ಬೀಗ ಹಾಕಿ ಹೈದರಾಬಾದ್, ಪುಣೆ ಎಂದು ಹೊರಟಿತ್ತು. ಶಾಲುಬಾಯಿ ಮತ್ತು ಅವಳ ಗಂಡ ದತ್ತಾತ್ರಿಯೂ ಪುಣೆಯ ಕಟ್ಟಡ ಕೆಲಸಕ್ಕೆ ಹೋಗುವುದೆಂದಾಯಿತು.

ಅದೇ ಹೊತ್ತಿಗೆ ಪುಣೆಯ ತಂಡ ಮುಚ್ಚಿತು. ಹೈದರಾಬಾದಿನ ತಂಡ ಉಳಿಯಿತು, ಆದರೆ ಅದಕ್ಕೆ ಬೇಕಾಗಿದ್ದು ಒಬ್ಬನೇ ಸೆಂಟರ್. ಮಾಣಿಕನೋ, ನಿಜಾಮೋದ್ದೀನನೋ? ಅಲ್ಲಿ ಜಾಗ ಸಿಕ್ಕರೆ ಊರಿಂದೂರಿಗೆ ಅಲೆಯುವುದು ಬೇಡ, ಹೈದರಾಬಾದಿನಲ್ಲೇ ಮನೆ ಮಾಡಿ ಅವ್ವ ಅಪ್ಪನನ್ನು ಇಟ್ಟುಕೊಳ್ಳುತ್ತೇನೆ ಎಂದು ಮಾಣಿಕ ಹೇಳುತ್ತಿದ್ದ. ಆ ಮನೆಯಲ್ಲಿ ಶೇವಂತಾ ಇರುತ್ತಾಳೆಂಬುದನ್ನು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಶಿವರಾಜಪ್ಪ ಇಬ್ಬರ ಪಂದ್ಯಗಳ ಸ್ಕೋರ್‌ಶೀಟುಗಳನ್ನೆಲ್ಲ ಶೇವಂತಾಳಿಗೇ ಕಳಿಸಿ, ಹೋಲಿಸಿ ಹೇಳೆಂದರು.

ತನ್ನಿಂದ ಆಗದು ಎನ್ನಬೇಕಿತ್ತು ಅವಳು. ಅನ್ನಲಿಲ್ಲ. ಮಾಣಿಕ ಗೆಲ್ಲುತ್ತಾನೆಂದು ಅವಳಿಗೆ ನಂಬಿಕೆಯಿತ್ತು. ಆ ಗೆಲುವು ತನ್ನ ಕೈಯಿಂದಲೇ ಅವನಿಗೆ ಸಿಗಲಿ ಎಂಬ ಆಸೆ...

ಲೆಕ್ಕ ಬಂತು. ಪುಣೆಗೆ ಪಂದ್ಯಕ್ಕೆ ತೊಂಬತ್ತು ಸಲ ಚೆಂಡು ಸಿಕ್ಕಿತ್ತು, ಹೈದರಾಬಾದಿಗೆ ಬರೀ ಅರವತ್ತೈದು. ನಿಜಾಮೋದ್ದೀನ ಪಂದ್ಯಕ್ಕೆ ಹಾಕಿದ್ದು ಹದಿನೆಂಟೇ ಪಾಯಿಂಟು. ಆದರೆ ಎರಡೂ ತಂಡಕ್ಕೆ ನೂರು ಸಲ ಎಂದು ಹಿಡಿದಾಗ ಮಾಣಿಕನದು ಇಪ್ಪತ್ನಾಲ್ಕಕ್ಕೆ ನಿಂತಿತು, ನಿಜಾಮೋದ್ದೀನನದು ಇಪ್ಪತ್ತೇಳು ದಾಟಿತು. ಬುಟ್ಟಿಗೆ ಬಡಿದು ಮರಳಿದ ಚೆಂಡು ಹಿಡಿಯುವುದರಲ್ಲೂ ಅವನೇ ಮುಂದು.

ಅವಳು ಮತ್ತೆ ಮೊದಲಿನಿಂದ ಕೂಡಿದಳು.

ಸುಲಭದ ಪಂದ್ಯಗಳನ್ನು ಬಿಟ್ಟು ನೋಡಿದಳು. ಕೊನೆಯ ಪಂದ್ಯಗಳನ್ನಷ್ಟೇ ಹಿಡಿದು ನೋಡಿದಳು. ಆಡಿದ ನಿಮಿಷಗಳಿಗೆ ಹಂಚಿ ನೋಡಿದಳು. ಯಾವ ದಾರಿಯಿಂದ ಹೋದರೂ ಮಾಣಿಕ ಹಿಂದೆಯೇ ಉಳಿದ. ಎರಡು ಅಂಕಿ ತಿದ್ದಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿದ್ದಲು ಅವಳಿಗೆ ಮನಸ್ಸು ಬರಲಿಲ್ಲ. ನಿಜಾಮೋದ್ದೀನನೂ ಬೆವರು ಸುರಿಸಿಯೇ ಆಡಿದ್ದ. ಇದ್ದದ್ದನ್ನು ಇದ್ದಂತೆ ಕಳಿಸಿದಳು.

ಮಾಣಿಕನಿಗೆ ತಾನೇ ಹೇಳಬೇಕೆಂದು ಮರುದಿನ ಭಾಲ್ಕಿಗೆ ಹೋದಳು. ಅವನು ರೈಲು ನಿಲ್ದಾಣದಲ್ಲಿದ್ದ. ಪುಣೆಯ ಗಾಡಿಗೆ ಅವ್ವ ಅಪ್ಪನನ್ನು ಹತ್ತಿಸಲು ಬಂದಿದ್ದ. ಪ್ಲಾಟ್‌ಫಾರ್ಮಿನ ತುಂಬ ಗಂಟುಮೂಟೆ, ಕೊಡ, ಒಲೆ, ಮಕ್ಕಳು.

ಶಾಲುಬಾಯಿ ಅವಳ ಎರಡೂ ಕೈ ಹಿಡಿದುಕೊಂಡು, ಹೈದರಾಬಾದಿನ ಮನೆಯಲ್ಲಿ ಒಲೆ ಕಿಟಕಿಯ ಪಕ್ಕ ಇರಲೆಂದು ಹೇಳಿದಳು. ಹೊಗೆ ತನಗೆ ಆಗಿಬರುವುದಿಲ್ಲವಂತೆ. ಆಮೇಲೆ ಗಾಡಿ ಹತ್ತಿ, ಕಿಟಕಿಯಿಂದ ಕೈಚಾಚಿ ಅವಳ ಕೆನ್ನೆ ಮುಟ್ಟಿದಳು. “ಫೋನ್ ಮಾಡ್ಕೋತ ಇರವ್ವ.”

ಗಾಡಿ ಹೊರಟಿತು. ಮಾಣಿಕ ಕಣ್ಣೊರೆಸಿಕೊಂಡು ಶೇವಂತಾಳತ್ತ ನೋಡಿ ನಕ್ಕ. ಮೂರೇ ತಿಂಗಳು, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದ.

*ಈಗ ಹೇಳು... ಈಗಲೇ ಹೇಳು...*

ಅವಳಿಗೆ ನಾಲಿಗೆ ಏಳಲಿಲ್ಲ. ಇಬ್ಬರೂ ನಿಲ್ದಾಣದ ಹೊರಗೆ ಚಹಾ ಕುಡಿದರು. ಅವನು ಹೈದರಾಬಾದಿನ ಮಾತನ್ನೇ ಆಡಿದ. ಅವಳು ತಲೆಯಾಡಿಸುತ್ತ ಕುಳಿತಳು.

ಮರುದಿನ ಮಧ್ಯಾಹ್ನ ಮಾಣಿಕ ಕಾಲೇಜಿನ ಗೇಟಿನ ಬಳಿ ನಿಂತಿದ್ದ. ಜಾಗ ನಿಜಾಮೋದ್ದೀನನಿಗೆ ಹೋಯಿತೆಂಬುದನ್ನು ಶಿವರಾಜಪ್ಪ ಅವನಿಗೆ ಫೋನಿನಲ್ಲಿ ಹೇಳಿದ್ದರು. ಲೆಕ್ಕ ಮಾಡಿದವಳು ಯಾರೆಂಬುದನ್ನೂ.

“ಲೆಕ್ಕ ತಪ್ಪಿತ್ತೇನು?” ದನಿ ಮೆತ್ತಗಿತ್ತು.

“ಇಲ್ಲ.”

“ನಿನ್ನೆ ನಿಂಗ ಗೊತ್ತಿತ್ತು.”

“ಗೊತ್ತಿತ್ತು.”

“ಅವ್ವ ನಿನ್ನ ಕೈ ಹಿಡಕೊಂಡು ಒಲಿ ಎಲ್ಲಿ ಇಡಬೇಕಂತ ಹೇಳ್ಲಕತ್ತಿದ್ಳು. ಆಗೂ ಗೊತ್ತಿತ್ತು.”

ಅವನು ಬೈದಿದ್ದರೆ ಅವಳು ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಸೋತದ್ದಕ್ಕೆ ತನಗೆ ದುಃಖವಿಲ್ಲ, ಹುಚ್ಚನಂತೆ ಚಹಾ ಕುಡಿಯುತ್ತ ಮಾತಿನಲ್ಲೇ ಮನೆ ಕಟ್ಟಿದ್ದಕ್ಕೆ ನಾಚಿಕೆಯಾಗುತ್ತಿದೆ ಎಂದ. ಅಷ್ಟು ಎತ್ತರದ ಮನುಷ್ಯ ತಲೆತಗ್ಗಿಸಿ ನಡೆದುಹೋಗುವುದನ್ನು ಅವಳು ಗೇಟಿನ ಸರಳು ಹಿಡಿದು ನೋಡಿದಳು.

ಅವನು ಪುಣೆಗೆ ಹೋದ. ಅವ್ವ ಅಪ್ಪ ಇದ್ದ ಕಟ್ಟಡದಲ್ಲೇ ಸಿಮೆಂಟು ಹೊತ್ತ. ತನ್ನ ಫೋನ್ ನಂಬರು ಬದಲಾಯಿಸಿದ. ಶಾಲುಬಾಯಿಯ ಬಳಿ ಬೇರೆ ಫೋನಿರಲಿಲ್ಲ, ಅವಳೊಡನೆ ಮಾತಾಡಲು ಮಗನ ಫೋನೊಂದೇ ದಾರಿಯಾಗಿತ್ತು.

ಶೇವಂತಾ ಪಾಠ ಮಾಡಿದಳು, ಉಂಡಳು, ಮಲಗಿದಳು. ತಂಡದ ಕೆಲಸ ಬಿಟ್ಟಳು. ಚಿಂತಾಕಿಗೆ ಹೋದಾಗ ಕಾಶೀರಾಮ ಮಗಳ ಮುಖ ನೋಡಿ ಮದುವೆಯ ಮಾತು ತೆಗೆಯುವುದನ್ನೇ ನಿಲ್ಲಿಸಿದ. ಮಾಣಿಕನನ್ನು ಹುಡುಕಿಕೊಂಡು ಪುಣೆಗೆ ಹೋಗಬೇಕೆಂದು ಎಷ್ಟೋ ಸಲ ಅನಿಸಿತು. *ಯಾವ ಮುಖ ಹೊತ್ತು ಹೋಗಲಿ?* ಆ ಒಂದು ಪ್ರಶ್ನೆ ಅವಳನ್ನು ಕಟ್ಟಿಹಾಕಿತು.

ಮಳೆಗಾಲ ಬಂತು. ಎರಡು ವರ್ಷದ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸುವಂತೆ ಸುರಿಯಿತು. ಊರು ಬಿಟ್ಟವರು ಒಬ್ಬೊಬ್ಬರಾಗಿ ಮರಳತೊಡಗಿದರು. ಅಂಥ ಒಂದು ದಿನ ನಿಜಾಮೋದ್ದೀನ ಕಾಲೇಜಿಗೆ ಬಂದ. ಕುಳಿತುಕೊಳ್ಳಲೂ ಇಲ್ಲ.

“ಬೆಹನ್, ಮಾಣಿಕನ ಅವ್ವ ತೀರ್ಕೊಂಡು ಎರಡು ತಿಂಗಳಾತು. ಕಾಮಣಿ ಆಗಿ ಮೈಯೆಲ್ಲ ಹಳದಿ ಆಗಿತ್ತಂತ, ಅಲ್ಲಿ ಕುಡಿಯೋ ನೀರು ಛಲೋ ಇರಲಿಲ್ಲ. ನಂಗೂ ನಿನ್ನೆ ಗೊತ್ತಾತು.”

ಮಾಣಿಕ ತಂದೆಯನ್ನು ಕರೆದುಕೊಂಡು ಊರಿಗೆ ಬಂದಿದ್ದಾನೆಂದೂ, ತನ್ನೊಂದಿಗೆ ಮಾತಾಡುತ್ತಾನೆ, ಆದರೆ ನಗುವುದಿಲ್ಲವೆಂದೂ ಹೇಳಿದ.

ಆಮೇಲಿನ ಮಾತು ಶೇವಂತಾಳಿಗೆ ಕೇಳಿಸಲಿಲ್ಲ. ಮೊದಲು ಸಿಕ್ಕ ಬಸ್ಸು ಹತ್ತಿದಳು.

ಹಲಬರ್ಗಾದ ಆ ಮನೆಯ ಕಟ್ಟೆಯ ಮೇಲೆ ದತ್ತಾತ್ರಿ ಕುಳಿತಿದ್ದ. ಅವಳನ್ನು ನೋಡಿ ಗುರುತು ಹಿಡಿದು, ಒಳಗೆ ಹೋಗೆಂದು ಕೈ ಮಾಡಿದ. ಒಳಗೆ ಮಾಣಿಕ ನೆಲ ಸಾರಿಸುತ್ತಿದ್ದ. ಬಾಗಿಲಲ್ಲಿ ನೆರಳು ಬಿದ್ದದ್ದು ಕಂಡು ತಲೆಯೆತ್ತಿದ. ಮುಖ ಒಣಗಿತ್ತು, ಅಂಗೈ ಸಿಮೆಂಟಿಗೆ ಬಿರಿದಿತ್ತು.

ಅವಳು ಹೊಸ್ತಿಲ ಮೇಲೆಯೇ ಕುಳಿತಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ಬಾಯಿಗೆ ಬಂದದ್ದನ್ನು ಹೇಳಿದಳು. ಅವನು ಗೆಲ್ಲಲಿ ಎಂದೇ ಲೆಕ್ಕ ಹಿಡಿದದ್ದು, ಎಷ್ಟೆಲ್ಲ ಬಗೆಯಲ್ಲಿ ಮಾಡಿ ನೋಡಿದ್ದು, ಸ್ಟೇಷನ್ನಿನಲ್ಲಿ ಹೆದರಿದ್ದು.

“ಮತ್ತೊಮ್ಮೆ ಮಾಡಂದ್ರೂ ಅದೇ ಬರ್ತದ, ಮಾಣಿಕ. ಲೆಕ್ಕಕ್ಕ ನಾ ಕ್ಷಮಾ ಕೇಳೂದಿಲ್ಲ. ಸುಮ್ಮ ಕುಂತಿದ್ದಕ್ಕ ಕೇಳ್ತೇನಿ.”

ಅವನು ಸಾರಿಸುವ ಬಟ್ಟೆಯನ್ನು ಪಕ್ಕಕ್ಕಿಟ್ಟ. ನಿಜಾಮ ತನಗಿಂತ ಒಳ್ಳೆಯ ಆಟಗಾರನೆಂದು ತನ್ನ ಮೈಗೆ ಮೊದಲೇ ಗೊತ್ತಿತ್ತು ಎಂದ. ಎದುರು ನಿಂತು ಆಡಿದವನಿಗೆ ತಿಳಿಯದೇ ಇರುತ್ತದೆಯೇ? ಅವಳ ಬಾಯಿಂದ ಬಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ ಎಂದ. ಆಮೇಲೆ ದನಿ ಒಡೆಯಿತು.

“ನೀ ಒಂದು ದಿನ ಮುಚ್ಚಿಟ್ಟಿ. ನಾ ಅವ್ವ ಸತ್ತದ್ದನ್ನೇ ನಿಂಗ ಹೇಳಲಿಲ್ಲ. ಸಿಟ್ಟಿನ್ಯಾಗ... ನಂದೇ ದೊಡ್ಡದಾತು.”

ಅವಳು ಎದ್ದು ಬಂದು ಒದ್ದೆ ನೆಲದ ಮೇಲೆಯೇ ಅವನ ಪಕ್ಕ ಕುಳಿತಳು. ಇಬ್ಬರೂ ಅತ್ತರು. ಸಮಾಧಾನ ಮಾಡುವವರು ಯಾರೂ ಇರಲಿಲ್ಲ. ಆ ಮನೆಯಲ್ಲಿ ಸಮಾಧಾನ ಮಾಡುತ್ತಿದ್ದವಳು ಒಬ್ಬಳೇ, ಅವಳೇ ಇರಲಿಲ್ಲ.

ಅಳು ನಿಂತ ಮೇಲೆ ಮಾಣಿಕ ಮೆಲ್ಲಗೆ ಹೇಳಿದ. “ಅವ್ವ ದಿನಾ ಕೇಳ್ತಿದ್ಳು, ಚಿಂತಾಕಿ ಹುಡುಗಿ ಫೋನ್ ಮಾಡಿದ್ಳೇನಂತ.”

ಶೇವಂತಾ ಕಣ್ಣೊರೆಸಿಕೊಂಡಳು. “ನೀ ಏನಂತಿದ್ದಿ?”

“ಮಾಡಿದ್ಳು ಅಂತಿದ್ದೆ. ಆಸ್ಪತ್ರಿಗೆ ಹಾಕಿದ ಮ್ಯಾಲೂ ದಿನಾ ಅದೇ ಹೇಳ್ದೆ.”

ಅಷ್ಟು ಸಿಟ್ಟಿನಲ್ಲಿದ್ದವನು, ತನ್ನ ನಂಬರನ್ನೇ ಮುಚ್ಚಿಟ್ಟವನು, ಅವ್ವನ ಎದುರು ಮಾತ್ರ ಅವಳನ್ನು ಒಳ್ಳೆಯವಳಾಗಿಯೇ ಉಳಿಸಿದ್ದ...

“ಫೋನಿನ್ಯಾಗ ನಾ ಏನೇನು ಅಂದಿದ್ದೆ?”

“ಉಂಡಿರೇನು ಕೇಳ್ಯಾಳ ಅಂತಿದ್ದೆ. ಗುಳಿಗಿ ನುಂಗಂತ ಬೈದಾಳ ಅಂದ್ರ ನುಂಗ್ತಿದ್ಳು.”

“ಮತ್ತ?”

ಅವನು ಅವಳ ಕಡೆ ತಿರುಗಿದ. “ಬರ್ತೇನಿ ಅಂದಾಳ ಅಂತಿದ್ದೆ.”

ಶೇವಂತಾ ಅವನ ಬಿರಿದ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು. ಹೊರಗೆ ಕಟ್ಟೆಯ ಮೇಲೆ ದತ್ತಾತ್ರಿ ಕೆಮ್ಮಿದ್ದು ಕೇಳಿಸಿತು.

“ತಡಾ ಆತು,” ಎಂದಳು.

“ಹೌದು,” ಎಂದ ಅವನು. ಕೈ ಬಿಡಿಸಿಕೊಳ್ಳಲಿಲ್ಲ. “ಭಾಳ ತಡಾ ಆತು. ಆದರ ಬಂದಿ.”