ಕಾಣೆಯಾದ ರೇಖೆ

ತೆರೆಯ ಮೇಲಿನ ಗೆರೆ ಸತ್ತಂತೆ ಮಲಗಿತ್ತು.

ಕಳೆದ ವಾರ ಅಲ್ಲೇ ಎದ್ದು ನಿಂತಿದ್ದ ಏರು ಇಂದು ಇಲ್ಲ. ಸಂಶೋಧಕಿ ಲೇಸರಿನ ಬಣ್ಣವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಳು. ಊಹೂಂ. ಹಿಂದೆ ನಿಂತಿದ್ದ ಪರಿಶೀಲನಾ ಸಮಿತಿಯವರು ಮುಖ ಮುಖ ನೋಡಿಕೊಂಡರು.

“ಇಲ್ಲದ್ದನ್ನ ಇದೆ ಅಂತ ವರದಿ ಬರೆದ್ಯೇನಮ್ಮ?” ಸಂಸ್ಥೆಯ ನಿರ್ದೇಶಕರು ಕೇಳಿದರು.

ಸಂಜೆಯೊಳಗೆ ಅವಳ ಮೇಲೆ ವಂಚನೆಯ ದೂರು ದಾಖಲಾಯಿತು.

*

ಮರುದಿನ ಇನ್ಸ್‌ಪೆಕ್ಟರ್ ಬಂದರು. ನಡುವಯಸ್ಸಿನ ಹೆಂಗಸು.

“ಏನು ಹುಡುಕ್ತಿದ್ರಿ? ನನಗೆ ಅರ್ಥ ಆಗೋ ಹಾಗೆ ಹೇಳಿ.”

“ಲ್ಯಾಂಥನಮ್ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಅಂಟಿಸಿದ್ರೆ ಋಣ ಅಯಾನು. ಸರಿಯಾದ ಬಣ್ಣದ ಬೆಳಕನ್ನ ಮಾತ್ರ ಅದು ಹೀರಿಕೊಳ್ಳುತ್ತೆ; ಆಗ ತೆರೆ ಮೇಲೆ ಏಳೋ ಏರನ್ನೇ ರೇಖೆ ಅಂತೀವಿ. ಆ ಬಣ್ಣ ಖಚಿತವಾದ್ರೆ, ಅದೇ ಬೆಳಕಿಂದ ಎದುರು ತಳ್ಳಿ ತಳ್ಳಿ ಅದರ ಓಟ ತಗ್ಗಿಸಬಹುದು. ಓಟ ತಗ್ಗಿದ್ರೆ ತಣ್ಣಗಾದ ಹಾಗೆ. ಇದಕ್ಕೆ ಒಗ್ಗೋ ಋಣ ಅಯಾನು ತೀರಾ ಅಪರೂಪ.”

ಯಾರೋ ಉಪಕರಣ ಕೆಡಿಸಿರಬಹುದೆಂಬ ಮೊದಲ ಅನುಮಾನ ನಿರ್ವಾತ ಪಂಪಿನ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಮೇಲೆ ಬಿತ್ತು. ಆದರೆ ನಿರ್ವಾತ ಸರಿಯಾಗಿತ್ತು. ಅಯಾನುಗಳೂ ಹರಿಯುತ್ತಿದ್ದವು. ಅವನನ್ನು ಬಿಟ್ಟು ಕಳಿಸಿದರು.

“ಬಣ್ಣ ಸರಿ ಅಂತ ಹೇಳೋದು ಯಾರು?”

“ಈ ತರಂಗಾಂತರ ಮಾಪಕ. ಪಕ್ಕದ ಕೋಣೆಯವರೂ ಇದನ್ನೇ ಬಳಸ್ತಾರೆ.”

“ತಕ್ಕಡಿಯೇ ಸುಳ್ಳು ಹೇಳಿದ್ರೆ?”

ಸಂಶೋಧಕಿ ದಡಕ್ಕನೆ ಎದ್ದಳು. ಬೀರುವಿನಲ್ಲಿ ಹೀಲಿಯಂ-ನಿಯಾನ್ ಲೇಸರ್ ಒಂದಿತ್ತು. ಅದರ ಕೆಂಪು ಬೆಳಕಿನ ತರಂಗಾಂತರ ಎಷ್ಟೆಂದು ಎಲ್ಲರಿಗೂ ಗೊತ್ತು. ಆ ಬೆಳಕನ್ನು ಮಾಪಕಕ್ಕೆ ಹಾಯಿಸಿದಳು. ಅಂಕಿ ತಪ್ಪಾಗಿ ಬಂತು.

*

ಪಕ್ಕದ ಕೋಣೆಯ ವಿಜ್ಞಾನಿಯನ್ನು ಎಲ್ಲರೂ ‘ಸಾಧು’ ಎನ್ನುತ್ತಿದ್ದರು. ಅವನ ಪ್ರಯೋಗ ಆಸ್ಮಿಯಂ ಎಂಬ ಇನ್ನೊಂದು ಲೋಹದ ಋಣ ಅಯಾನಿನ ಮೇಲೆ. ಎರಡರಲ್ಲಿ ಒಂದೇ ಪ್ರಯೋಗ ಉಳಿಯುತ್ತದೆಂದು ನಿರ್ದೇಶಕರು ಮೊದಲೇ ಹೇಳಿದ್ದರು.

ಇನ್ಸ್‌ಪೆಕ್ಟರ್ ಸಾಧುವನ್ನೂ ನಿರ್ದೇಶಕರನ್ನೂ ಸಂಶೋಧಕಿಯ ಕೋಣೆಗೆ ಕರೆಸಿದರು.

“ನಿನ್ನೆ ನಿಮ್ಮ ಪ್ರಯೋಗ ಹೇಗಾಯ್ತು ಸರ್?”

“ಚೆನ್ನಾಗೇ ಆಯ್ತು,” ಎಂದ ಸಾಧು. “ಸಮಿತಿಯವರು ಇಲ್ಲಿಂದ ನೇರ ನನ್ನ ಕೋಣೆಗೇ ಬಂದ್ರು. ಒಂದೇ ಸಲಕ್ಕೆ ರೇಖೆ ಸಿಕ್ತು.”

“ಅದೇ ಮಾಪಕದಲ್ಲಿ?”

“ಹೌದು.”

“ಮಾಪಕ ತಪ್ಪು ತೋರಿಸ್ತಿತ್ತು. ಆದ್ರೂ ನಿಮ್ಮ ರೇಖೆ ಒಂದೇ ಸಲಕ್ಕೆ ಸಿಕ್ತು. ತಪ್ಪು ಎಷ್ಟು ಅಂತ ಗೊತ್ತಿದ್ದವರಿಗೆ ಮಾತ್ರ ಹಾಗೆ ಸಿಗುತ್ತೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?”

ಸಾಧು ನಿರ್ದೇಶಕರ ಕಡೆ ನೋಡಿದ. ಅವರು ಮುಖ ತಿರುಗಿಸಿದರು.

“ಅವಳದು ಗೆದ್ದಿದ್ರೆ ನನ್ನ ಕೋಣೆಗೆ ಬೀಗ ಬೀಳ್ತಿತ್ತು,” ಎಂದ ತಲೆ ತಗ್ಗಿಸಿ. “ನಾನೇ ಮಾಪಕ ತಿರುಚಿದೆ.”

*

ಮಾಪಕವನ್ನು ಸರಿಪಡಿಸಿದ ಮೇಲೆ ಲ್ಯಾಂಥನಮ್ ರೇಖೆ ತನ್ನ ಜಾಗದಲ್ಲೇ ಸಿಕ್ಕಿತು. ನಿರ್ದೇಶಕರು “ತಪ್ಪಾಯ್ತಮ್ಮ” ಎಂದು ದೂರು ವಾಪಸ್ ಪಡೆದರು.

ಸಂಶೋಧಕಿ ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

“ಅಮ್ಮಾ, ನಾನು ಸುಳ್ಳು ಹೇಳಿಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು.”

“ನನಗೆ ಯಾವಾಗ್ಲೋ ಗೊತ್ತಿತ್ತು ಕಣೇ. ನಿನ್ನೆಯಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿಲ್ಲ ನಿನಗೆ. ಮೊದಲು ಹೋಗಿ ಊಟ ಮಾಡು.”

ಅವಳು ಗೋಡೆಗೆ ಒರಗಿ ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ ನಿಜಕ್ಕೂ ಹಸಿವಾಯಿತು.