ಬಸ್‌ಸ್ಟ್ಯಾಂಡ್ ಬೋರ್ಡಿನ ಪಾಲಣ್ಣ

೧೯೯೮ರ ಮಾರ್ಚ್ ೯, ಸೋಮವಾರ. ಬೆಳಿಗ್ಗೆ ಎಂಟಕ್ಕೆಲ್ಲ ಬಟ್ಟೆ ಅಂಗಡಿಯ ಜಂಬುಲಿಂಗಪ್ಪ ಚಳ್ಳಕೆರೆ ಠಾಣೆಗೆ ದೂರು ತಂದರು. ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರು ಕಳ್ಳರ ಫೋಟೊ ಅಂಟಿಸಿ ಹಾಕಿದ್ದ ‘ಕಳ್ಳರಿದ್ದಾರೆ, ಎಚ್ಚರಿಕೆ’ ಬೋರ್ಡಿನ ಗಾಜನ್ನು ಯಾರೋ ಒಡೆದಿದ್ದರು. ಬೋರ್ಡ್ ಮಾಡಿಸಿಕೊಟ್ಟವರು ಜಂಬುಲಿಂಗಪ್ಪನವರೇ, ಸಿಟ್ಟು ನೆತ್ತಿಗೇರಿತ್ತು.

“ಕಳ್ಳರ ಮುಖ ಜನ ನೋಡ್ಬೇಕು ಸಾಹೇಬ್ರೆ. ಮೊದ್ಲೇ ಗೊತ್ತಿದ್ದಿದ್ರೆ ನನ್ನ ಹೆಂಡ್ತಿ ಸರ ಉಳೀತಿತ್ತು.”

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ವೀರೇಶ್, ಮಹಿಳಾ ಕಾನ್‌ಸ್ಟೇಬಲ್ ವನಜಾಕ್ಷಿಯೊಂದಿಗೆ ಪಂಚನಾಮೆಗೆ ಹೋದರು. ಅಷ್ಟೂ ಫೋಟೊಗಳಲ್ಲಿ ಒಂದರ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಲಾಗಿತ್ತು. ಎಲ್ಲವನ್ನೂ ಹರಿದಿದ್ದರೆ ಯಾರ ಮೇಲೂ ಅನುಮಾನ ಬರುತ್ತಿರಲಿಲ್ಲ. ವೀರೇಶ್ ಕಾಗದ ಎತ್ತಿ ನೋಡಿದರು: ದೊಡ್ಡಉಳ್ಳಾರ್ತಿಯ ಪಾಲಣ್ಣ. ಅಂಟು ಹುಣಸೆಬೀಜದ ಗಂಜಿ. ಕಂಬಳಿ ನೇಯುವವರು ನೂಲಿಗೆ ಹಾಕುವಂಥದ್ದು. ಪಾಲಣ್ಣನದೂ ಕಂಬಳಿ ನೇಯುವ ಮನೆ.

“ಇವನ ಕೇಸು ಏನಾಯ್ತು?”

“ಬಿಡುಗಡೆ ಆತಲ್ಲ ಸಾರ್. ಜೇಬಿಗೆ ಕೈ ಹಾಕಿದೋನು ಇವನಲ್ಲ ಅಂತ ಕೋರ್ಟೇ ಹೇಳ್ತು.”

“ಫೋಟೊ ಯಾಕೆ ತೆಗೀಲಿಲ್ಲ?”

“ತೆಗೀರಿ ಅಂತ ಯಾರೂ ಹೇಳ್ಲಿಲ್ಲ ಸಾರ್.”

ಹೇಳಬೇಕಾದವರು ವೀರೇಶರೇ. ಹಿಡಿದು ತಂದ ದಿನ ತಲೆ ತಗ್ಗಿಸಿದ್ದ ಪಾಲಣ್ಣನ ಗದ್ದ ಹಿಡಿದೆತ್ತಿ ಫೋಟೊ ತೆಗೆಸಿದವರೂ ಅವರೇ. ಅವರಿಗೆ ನಾಚಿಕೆಯಾಯಿತು.

ಹತ್ತಕ್ಕೆ ಜೀಪು ದೊಡ್ಡಉಳ್ಳಾರ್ತಿ ಮುಟ್ಟಿತು. ಪಾಲಣ್ಣನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು, ತಟ್ಟೆಯಲ್ಲಿ ವೀಳ್ಯದೆಲೆಯಿತ್ತು. ಪಾಲಣ್ಣ ಬಾಯಿ ತೆರೆಯುವ ಮೊದಲೇ ಅವನ ತಾಯಿ ಪಾತಮ್ಮ ಎದ್ದು ಬಂದರು. ಕೈಗೆ ಬಟ್ಟೆ ಸುತ್ತಿತ್ತು.

“ಗಾಜು ಒಡೆದೋರು ಯಾರಮ್ಮ?”

“ನಾನೇ ಸ್ವಾಮಿ. ಮಗನಿಗೆ ಗೊತ್ತಿಲ್ಲ.”

“ಯಾಕೆ?”

“ಮಗಳು ಶಿಲ್ಪನ್ನ ನೋಡಕ್ಕೆ ಇವತ್ತು ಮೊಳಕಾಲ್ಮೂರಿಂದ ಗಂಡಿನೋರು ಬರ್ತಾರೆ. ಇಳಿಯೋದು ಆ ಬಸ್‌ಸ್ಟ್ಯಾಂಡ್‌ನಾಗೇ. ಹೋದ ಸಲ ಬಂದೋರು ಅವಳ ಅಣ್ಣನ ಮುಖ ಬೋರ್ಡ್‌ನಾಗೆ ನೋಡಿ, ಅಲ್ಲಿಂದ್ಲೇ ವಾಪಸ್ ಬಸ್ ಹತ್ತಿದ್ರು. ತೆಗೀರಿ ಅಂತ ಠಾಣೆಗೆ ಬಂದು ಕೇಳಿದ್ದೆ.”

“ಯಾರನ್ನ ಕೇಳಿದ್ರಿ?”

“ನಿಮ್ಮನ್ನೇ.”

ವೀರೇಶ್ ತಟ್ಟೆಯ ವೀಳ್ಯದೆಲೆಯತ್ತ ನೋಡಿದರು.

“ಅವರು ಬರೋದ್ರೊಳಗೆ ಕರ್ಕೊಂಡು ಹೋಗ್ರಿ ಸ್ವಾಮಿ,” ಎಂದರು ಪಾತಮ್ಮ.

ಊರು ದಾಟುವಾಗ ಗಂಡಿನವರು ಎದುರಾದರು. ಜೀಪಿನಲ್ಲಿ ಪಾತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಠಾಣೆಯಲ್ಲಿ ಬಂಧನದ ಕಾಗದಗಳಾದವು. ಜಾಮೀನಿನ ಮೇಲೆ ಬಿಡುವುದಾಗಿ ವೀರೇಶ್ ಹೇಳಿದರು. ಅದಕ್ಕೂ ಮೊದಲು ಫೋಟೊ ತೆಗೆಯಬೇಕಿತ್ತು. ಪಾತಮ್ಮ ತಾವಾಗಿಯೇ ಸೆರಗು ಸರಿಸಿ ಕ್ಯಾಮೆರಾ ಎದುರು ತಲೆಯೆತ್ತಿ ನಿಂತರು.

“ನಂದು ಹಾಕ್ರಿ ಸ್ವಾಮಿ, ನಾನು ಮಾಡಿರೋದು ದಿಟ. ಅವನ್ದು ತೆಗೀರಿ.”