ಹತ್ತಿರದಿಂದ ಬಲ್ಲವರು

ಫೋನಿನಲ್ಲಿ ಅವಳ ದನಿ ಕೇಳಿದ ಕೂಡಲೇ ಡ್ರಾಯಿಂಗ್ ಮೇಷ್ಟ್ರು ತಪ್ಪು ತಿಳಿದರು.

"ಹುಷಾರಾಗಿದೀರಾ? ಏನಾದ್ರೂ ದೊಡ್ಡ ಕಾಯಿಲೆನಾ?"

ಅವರು ಬಹುವಚನದಲ್ಲಿ ಮಾತಾಡಿಸಿದ್ದು ಅವಳಿಗೆ ನಾಟಿತು. ಒಂದು ಕಾಲಕ್ಕೆ ಗಂಡ ಹೆಂಡತಿಯಾಗಿ ಒಂದೇ ಸೂರಿನಡಿ ಬಾಳಿದವರು. ಬೇರೆಯಾದ ಮೇಲೆ ಇದೇ ಮೊದಲ ಮಾತು.

"ಕಾಯಿಲೆ ಅಲ್ಲ. ಡಾಕ್ಟರಮ್ಮ ಏನೋ ಪ್ರಶ್ನೆ ಕೇಳ್ಬೇಕಂತೆ. ನನ್ನನ್ನ ಹತ್ತಿರದಿಂದ ಬಲ್ಲವರು ಒಬ್ರು ಬೇಕಂತೆ. ಅಮ್ಮ ಇಲ್ಲ. ತುಂಬ ಯೋಚನೆ ಮಾಡಿದೆ. ನಿಮ್ಮನ್ನ ಬಿಟ್ರೆ ಯಾರೂ ನೆನಪಾಗ್ಲಿಲ್ಲ."

"ಮನೇಲಿ ಹೇಳಿ ಬರ್ತೀನಿ," ಎಂದರು ಮೇಷ್ಟ್ರು. ಮನೆಯಲ್ಲಿ ಎಂದರೆ ಈಗಿನ ಹೆಂಡತಿ.

ಅವಳು ದೊಡ್ಡ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೂದಲು ನರೆಯುವವರೆಗೂ ನಿಂತವಳು. ಅವಳ ನಗುವನ್ನು ಹೊಗಳದ ಮ್ಯಾನೇಜರಿಲ್ಲ. ಆ ನಗುವನ್ನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ. ಯಾರು ಏನು ಕೇಳಿದರೆ ಏನು ಹೇಳಬೇಕು, ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಡಬೇಕು, ಜೋಕಿಗೆ ಯಾವಾಗ ನಗಬೇಕು, ಎಲ್ಲವೂ ಬಾಯಿಪಾಠ. ರಿಟೈರಾದ ಮೇಲೆ ನಗಬೇಕಾದವರೇ ಉಳಿಯಲಿಲ್ಲ. ತಿಂಗಳುಗಟ್ಟಲೆ ಸುಸ್ತಾಗಿ ಮಲಗಿದಳು. ಒಂದು ದಿನ ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ತನ್ನದೇ ವಯಸ್ಸಿನ ಹೆಂಗಸೊಬ್ಬಳು ತನಗಿರುವ ಆಟಿಸಂ ಬಗ್ಗೆ ಮಾತಾಡುತ್ತಿದ್ದಳು. ಇವಳು ಎದ್ದು ಕೂತು, ಮತ್ತೆ ಮತ್ತೆ ಹಾಕಿ ಕೇಳಿದಳು.

ಮೊದಲು ಕಂಡ ಡಾಕ್ಟರು ನಕ್ಕುಬಿಟ್ಟರು. "ಇಷ್ಟು ಚೆನ್ನಾಗಿ ಮಾತಾಡ್ತೀರಿ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಮೇಡಂ?" ಅಭ್ಯಾಸಬಲದಿಂದ ಅವಳೂ ನಕ್ಕು ಎದ್ದು ಬಂದಿದ್ದಳು. ಈ ಡಾಕ್ಟರಮ್ಮ ಎರಡನೆಯವರು.

ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಉಗುರಿನ ಸಂದಿಯಲ್ಲಿ ಈಗಲೂ ನೀಲಿ ಬಣ್ಣ. ಅವಳು ಆ ಬೆರಳನ್ನೇ ನೋಡುತ್ತ ಕೂತಳು. ಅವರ ತುಟಿಯಂಚಿನಲ್ಲಿ ನಗು ಸುಳಿಯಿತು.

"ಈಗಲೂ ನನ್ನ ಮುಖ ಒಂದು ಬಿಟ್ಟು ಉಳಿದಿದ್ದೆಲ್ಲ ನೋಡ್ತೀರಿ."

"ಮುಖ ಕಷ್ಟ. ಬೆರಳು ಸುಲಭ."

ಡಾಕ್ಟರಮ್ಮ ಮದುವೆಯ ಹೊಸ ದಿನಗಳ ಬಗ್ಗೆ ಕೇಳಿದರು.

"ನೆಂಟರು ಬಂದ್ರೆ ಮನೆ ತುಂಬ ಇವರದೇ ಮಾತು, ಇವರದೇ ನಗು. ಎಲ್ರೂ ನನ್ನ ಅದೃಷ್ಟ ಅನ್ನೋರು. ಅವರು ಆ ಕಡೆ ಹೋದ್ರೆ ಇವರು ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಕೂರೋರು. ಎಷ್ಟು ಕರೆದ್ರೂ ಬರ್ತಿರ್ಲಿಲ್ಲ." ಮೇಷ್ಟ್ರು ಉಗುರಿನ ಬಣ್ಣ ಕೆರೆದುಕೊಂಡರು. "ನಾನು ಸ್ಕೂಲಿಂದ ಬಂದು ಲೈಟ್ ಹಾಕಿದ್ರೆ ಎದ್ದು ಹೋಗಿ ಆರಿಸೋರು. ಕತ್ತಲಲ್ಲೇ ಕೂತಿರೋರು. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ಕೊಂಡೆ. ವರ್ಷಗಟ್ಟಲೆ ಹಾಗೇ ಅಂದ್ಕೊಂಡೆ."

"ಟ್ಯೂಬ್‌ಲೈಟ್ ಗುಂಯ್‌ಗುಡ್ತಿತ್ತು," ಎಂದಳು ಅವಳು ಮೆಲ್ಲಗೆ. "ತಲೆ ಒಳಗೆ ಕೊರೆದ ಹಾಗೆ. ಎಲ್ರಿಗೂ ಹಾಗೇ ಕೇಳ್ಸುತ್ತೆ, ಎಲ್ರೂ ಸಹಿಸ್ಕೋತಾರೆ, ನನಗೊಬ್ಬಳಿಗೇ ತಾಳ್ಮೆ ಇಲ್ಲ ಅಂದ್ಕೊಂಡಿದ್ದೆ."

ಮೇಷ್ಟ್ರು ಪೂರ್ತಿ ಅವಳ ಕಡೆ ತಿರುಗಿದರು. "ಟ್ಯೂಬ್‌ಲೈಟಾ? ಒಂದು ಮಾತು ಹೇಳ್ಬಾರ್ದಾಗಿತ್ತೇನೇ? ಬಲ್ಬ್ ಹಾಕ್ತಿದ್ನಲ್ಲೇ."

ಆ ಏಕವಚನ ಬಾಯಿತಪ್ಪಿ ಬಂದದ್ದು ಇಬ್ಬರಿಗೂ ಗೊತ್ತಾಯಿತು. ಅವಳ ಕಿವಿ ಬಿಸಿಯಾಯಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನೀರು ತರುವ ನೆಪ ಮಾಡಿಕೊಂಡು ಹೊರಗೆ ಹೋದರು.

ಕೆಲಸ ಮುಗಿದ ಮೇಲೆ ಇಬ್ಬರೂ ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ.

"ನಾನು ಸೂಟ್‌ಕೇಸ್ ಎತ್ಕೊಂಡು ಹೊರಟ ದಿನ ನೀನು ಅಳ್ಲಿಲ್ಲ," ಎಂದರು ಮೇಷ್ಟ್ರು. "ಛತ್ರಿ ತಗೊಂಡ್ರಾ ಅಂತ ಕೇಳಿದೆ. ಅಷ್ಟೇ."

"ಮೋಡ ಆಗಿತ್ತಲ್ಲ."

ಮೇಷ್ಟ್ರಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. "ಪ್ರೀತಿ ಇತ್ತೇನೇ? ಈಗ ಕೇಳಿ ಏನೂ ಆಗ್ಬೇಕಾಗಿಲ್ಲ. ಸುಮ್ನೆ ಕೇಳ್ದೆ."

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಮತ್ತೆ ಸುತ್ತಿದಳು.

"ನೀವು ಎರಡು ಶರ್ಟ್ ಬಿಟ್ಟು ಹೋಗಿದ್ರಿ. ಪ್ರತಿ ಭಾನುವಾರ ಒಗೆದು ಇಸ್ತ್ರಿ ಮಾಡಿ ಇಡ್ತಿದ್ದೆ. ಯಾರೂ ಹಾಕ್ತಿರ್ಲಿಲ್ಲ, ಕೊಳೆನೂ ಆಗ್ತಿರ್ಲಿಲ್ಲ. ಸವೆದು ಚಿಂದಿ ಆಗೋವರೆಗೂ ಒಗೆದೆ. ಅದಕ್ಕೆ ಏನಂತಾರೋ ನನಗೆ ಗೊತ್ತಿಲ್ಲ ರೀ."

ಬಸ್ಸು ಬಂತು. ಮೇಷ್ಟ್ರು ಏಳಲಿಲ್ಲ. ಇನ್ನೊಂದು ಬಂತು, ಹೋಯಿತು. ಅದರ ಹಿಂದಿನದಕ್ಕೆ ಎದ್ದರು.

"ಕಾಯ್ತಿರ್ತಾಳೆ."

"ಒಳ್ಳೆಯವ್ರಾ?"

"ತುಂಬಾ. ಹೋಗಿ ಬನ್ನಿ ಅಂತ ಅವಳೇ ಕಳಿಸಿದ್ದು." ಹೆಜ್ಜೆ ಎತ್ತಿದವರು ಮತ್ತೆ ನಿಂತರು. "ಹುಷಾರಾಗಿರು."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲೇ ಇದ್ದಳು. ಅಳು ಆಗಲೂ ಬರಲಿಲ್ಲ.

ಮರುವಾರ ಡಾಕ್ಟರಮ್ಮ ಕರೆಸಿ, ಹೌದು, ಆಟಿಸಂ, ಹುಟ್ಟಿದಾಗಿನಿಂದ ಇದ್ದದ್ದೇ ಎಂದರು. ಅವಳು ಥ್ಯಾಂಕ್ಸ್ ಹೇಳಿ ಹೊರಬಿದ್ದಳು. ಮನೆಯಲ್ಲಿ ಬ್ರೆಡ್ಡಿಲ್ಲವೆಂದು ನೆನಪಾಗಿ ಅಂಗಡಿಗೆ ಹೋದಳು. ಬ್ರೆಡ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಎಲ್ಲರ ಎದುರಿಗೇ, ಬಿಕ್ಕಿ ಬಿಕ್ಕಿ ಅಳು ಬಂತು. ತಡೆಯಬೇಕು ಅನ್ನಿಸಲಿಲ್ಲ.

ಕೌಂಟರಿನ ಹೆಂಗಸು ಗಾಬರಿಯಾದಳು. "ಯಾಕಕ್ಕಾ, ಏನಾಯ್ತು?"

"ನಮ್ಮನೆಯವರು ಬಿಟ್ಟು ಹೋದ್ರಮ್ಮ."

"ಅಯ್ಯೋ. ಯಾವಾಗ?"

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಇಪ್ಪತ್ತೆರಡು ವರ್ಷ ಆಯ್ತು," ಎಂದಳು, ಮತ್ತೆ ಅತ್ತಳು.